ಪಕ್ಕದ ಮನೆಯ ನಾಯಿ, ಹುಂಜದ ಬಗ್ಗೆ ದೂರು ಕೊಟ್ಟರೆ ಪಾಲಿಕೆಯವರು ಏನು ಮಾಡುತ್ತಾರೆ?

ಪಕ್ಕದ ಮನೆಯವರು ನಿಯಮ ಮೀರಿ ನಾಲ್ಕು ನಾಯಿ, ಒಂದು ಹುಂಜ ಸಾಕಿದ್ದಾರೆ. ದೂರು ಕೊಟ್ಟರೆ ಯಾರಾದರೂ ಬರ್ತಾರಾ, ಬಂದವರು ಪ್ರಾಣಿಗಳನ್ನು ಎತ್ತಿಕೊಂಡು ಹೋಗಿಬಿಡ್ತಾರಾ ಅಂತ ಕೇಳಿದ್ದೀರಿ. ನಾನು ಕೆಲವು ವರ್ಷ ಒಂದು ನಗರದಲ್ಲಿ ಇಂಥ ದೂರುಗಳನ್ನು ಹೋಗಿ ನೋಡುವ ಕೆಲಸವನ್ನೇ ಮಾಡಿದ್ದೇನೆ. ಬರುತ್ತಾರೆ. ಎತ್ತಿಕೊಂಡು ಹೋಗುವುದು ಮಾತ್ರ ತೀರಾ ಕೊನೆಗೆ.

ಮನೆ ಮನೆಗೂ ಹೋಗಿ ನಾಯಿ ಎಣಿಸುವಷ್ಟು ಸಿಬ್ಬಂದಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಈ ನಿಯಮಗಳು ನಡೆಯುವುದೇ ಹೆಚ್ಚಾಗಿ ದೂರಿನ ಮೇಲೆ. ಕಚ್ಚಿದ ನಾಯಿ, ಗಾಯಗೊಂಡ ಪ್ರಾಣಿ ಮೊದಲು. ಬೊಗಳುವುದು, ವಾಸನೆ, ಕೂಗು ಆಮೇಲೆ. ಕಚ್ಚಿದ ಸಾಕುನಾಯಿಯನ್ನು ಬೇರೆ ಕಡೆ ಬಿಡದೆ 10 ದಿನ ಗಮನಿಸುತ್ತಾರೆ, ಯಾಕೆಂದರೆ ರೇಬೀಸ್ ಲಕ್ಷಣ ಶುರುವಾದ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಕಚ್ಚಿಸಿಕೊಂಡವರು ಆ 10 ದಿನ ಸುಮ್ನೆ ಕಾಯಬಾರದು. ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಕೂಡಲೇ ಲಸಿಕೆಗೆ ಹೋಗಬೇಕು.

ಒಮ್ಮೆ 'ರಾತ್ರಿಯಿಡೀ ಬೊಗಳುತ್ತದೆ' ಅಂತ ಒಂದು ದೂರು ಬಂತು. ಹೋಗಿ ನೋಡಿದರೆ ಹಿತ್ತಲಲ್ಲಿ ಕಂಬಕ್ಕೆ ಕಟ್ಟಿದ ನಾಯಿ. ಸರಪಳಿ ಎಟುಕುವಷ್ಟು ದೂರ ನೆಲ ಸವೆದು ದುಂಡಗೆ ಗುರುತಾಗಿತ್ತು. ನೀರಿನ ಬಟ್ಟಲು ಆ ಗುರುತಿನಿಂದ ಒಂದು ಗೇಣು ಆಚೆ ಮಗುಚಿ ಬಿದ್ದಿತ್ತು. ಬಟ್ಟಲು ತುಂಬಿಸಿ ಹತ್ತಿರ ಇಟ್ಟೆ. ಉಸಿರು ತೆಗೆದುಕೊಳ್ಳದೆ ಕುಡಿಯಿತು, ಆಮೇಲೆ ಸುಮ್ಮನೆ ಮಲಗಿತು. ಯಜಮಾನರಿಗೆ ರಾತ್ರಿ ಪಾಳಿಯ ಕೆಲಸ. ಅದು ಬೊಗಳುತ್ತದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ನೋಟಿಸ್ ಕೊಟ್ಟು ಎರಡು ವಾರದ ಗಡುವು ಹಾಕಿದೆವು. ಮತ್ತೆ ಹೋದಾಗ ಸರಪಳಿ ಇರಲಿಲ್ಲ, ರಾತ್ರಿ ಹೊತ್ತು ನಾಯಿ ಮನೆಯೊಳಗೇ ಮಲಗುತ್ತಿತ್ತು. ದಂಡದ ಮಾತೇ ಬರಲಿಲ್ಲ. ನಾನು ನೋಡಿದ ಜಾಸ್ತಿ ಪ್ರಕರಣಗಳು ಹೀಗೇ ಮುಗಿದವು.

ಗಡುವು ಮೀರಿದರೆ ದಂಡ, ಆಮೇಲೆ ವಿಚಾರಣೆ. ಮಾಲೀಕರು ಮೇಲ್ಮನವಿಯನ್ನೂ ಹಾಕಬಹುದು. ಪ್ರಾಣಿಯ ಜೀವಕ್ಕೋ ಜನರಿಗೋ ಅಪಾಯ ಇದ್ದಾಗ ಮಾತ್ರ ನೇರವಾಗಿ ವಶಕ್ಕೆ ತೆಗೆದುಕೊಳ್ಳುತ್ತಾರೆ. 'ಇದು ನನ್ನ ನಾಯಿಯೇ ಅಲ್ಲ' ಅನ್ನುವವರೂ ಸಿಗುತ್ತಾರೆ. ಆಗ ನಾಯಿಯ ಹೆಗಲ ನಡುವೆ ಸ್ಕ್ಯಾನರ್ ಆಡಿಸಿದರೆ, ಮೈಕ್ರೋಚಿಪ್ (ಚರ್ಮದಡಿ ಹಾಕಿರುವ ಗುರುತಿನ ಚಿಪ್) ಇದ್ದಲ್ಲಿ ಅದರ ಸಂಖ್ಯೆ ಬರುತ್ತದೆ, ಸಾಮಾನ್ಯವಾಗಿ 15 ಅಂಕಿಯದ್ದು. ಅದು ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರನ್ನು ಕೇಳುತ್ತೇವೆ.

ಹುಂಜದ ವಿಷಯ ಬೇರೆ. ಅದು ಬೆಳಕು ನೋಡಿ ಮಾತ್ರ ಕೂಗುವುದಿಲ್ಲ. ಅದರ ಮೈಯೊಳಗೇ ಒಂದು ಗಡಿಯಾರವಿದೆ ಅಂತ 2013ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಗೂಡು ಕತ್ತಲೆ ಮಾಡಿದರೂ ಕೂಗು ಪೂರ್ತಿ ನಿಲ್ಲುವುದಿಲ್ಲ. ಅದಕ್ಕೇ ಎಷ್ಟೋ ನಗರಗಳು ಒಂದಷ್ಟು ಹೇಂಟೆಗಳನ್ನು ಸಾಕಲು ಬಿಟ್ಟು ಹುಂಜ ಬೇಡ ಅನ್ನುತ್ತವೆ. ನಿಮ್ಮಲ್ಲೂ ಹಾಗೇ ಇದ್ದರೆ, ಅದಕ್ಕೆ ಬೇರೆ ಜಾಗ ಹುಡುಕಲು ಅವರಿಗೆ ಸಮಯ ಕೊಡುತ್ತಾರೆ.

ಇನ್ನು ನಿಮ್ಮ ದೂರು. ಹೆಚ್ಚಿನ ಕಡೆ ಅಧಿಕಾರಿ ಒಪ್ಪಿಗೆ ಅಥವಾ ಆದೇಶ ಇಲ್ಲದೆ ಯಾರ ಮನೆಯೊಳಗೂ ಕಾಲಿಡುವಂತಿಲ್ಲ. ಬಾಗಿಲು ತೆರೆಯದಿದ್ದರೆ ನೀವು ಬರೆದದ್ದೇ ಆಧಾರ. 'ಯಾವಾಗಲೂ ಗಲಾಟೆ' ಅಂತ ಬರೆದರೆ ನಮಗೆ ಏನೂ ಸಿಗುವುದಿಲ್ಲ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲಿ ನಿಂತು ಕೇಳಿದಿರಿ ಅಂತ ಒಂದು ವಾರ ಬರೆದಿಡಿ. ಅದಕ್ಕೂ ಮುಂಚೆ ಒಂದು ಸಲ ಅವರ ಬಾಗಿಲು ತಟ್ಟಿ ನೋಡಿ. ಆ ರಾತ್ರಿ ಪಾಳಿಯವರ ಹಾಗೆ ಇವರಿಗೂ ಗೊತ್ತಿಲ್ಲದೇ ಇರಬಹುದು ಅಲ್ವಾ? ಆದರೆ ನೀರಿಲ್ಲದೆ, ಗಾಯವಾಗಿ ಬಿದ್ದಿರುವ ಪ್ರಾಣಿ ಕಂಡರೆ ವಾರ ಕಾಯಬೇಡಿ, ಅವತ್ತೇ ಫೋನ್ ಮಾಡಿ.