ಒಮ್ಮೆ ಕುಗ್ಗಿಸಿಟ್ಟರೆ ಸಾಕು

ಪ್ರಶ್ನೆ: ನಮ್ಮ ಕನ್ನಡ ಸಾಹಿತ್ಯ ಪತ್ರಿಕೆಯ ಜಾಲತಾಣದ ಎನ್‌ಜಿನ್‌ಎಕ್ಸ್ ಸರ್ವರಿನಲ್ಲಿ ಪುಟ ಕುಗ್ಗಿಸುವ ಜಿಜಿಪ್ ವಿಧಾನದ ಜೊತೆಗೆ ಬ್ರಾಟ್ಲಿಯನ್ನೂ 11ನೇ ಮಟ್ಟದಲ್ಲಿ ಚಾಲೂ ಮಾಡಿದೆವು. ಪುಟಗಳ ಗಾತ್ರ ತಗ್ಗಿದರೂ ಅವು ತೆರೆಯುವುದು ಮೊದಲಿಗಿಂತ ನಿಧಾನವಾಗಿದೆ. ಹಳೆಯ ಫೋನಿರುವ ಕೆಲವರಿಗಂತೂ ಲೇಖನದ ಬದಲು ಗೋಜಲು ಚಿಹ್ನೆಗಳು ಕಾಣುತ್ತಿವೆ. ಏನು ಮಾಡಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಕುಗ್ಗಿಸುವ ನಿರ್ಧಾರ ಸರಿಯಾದದ್ದೇ. ಯೂನಿಕೋಡ್ ಬರಹವನ್ನು ಯುಟಿಎಫ್-8 ವಿಧಾನದಲ್ಲಿ ಉಳಿಸಿದಾಗ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು; ‘ಕನ್ನಡ’ ಎಂಬ ಪದವೊಂದಕ್ಕೇ, ಒತ್ತಕ್ಷರಕ್ಕಾಗಿ ಒಳಗೆ ಅಡಗಿರುವ ಹಲಂತ ಚಿಹ್ನೆಯೂ (್) ಸೇರಿ, 15 ಬೈಟ್ ತಗಲುತ್ತದೆ. ಆದರೆ ಆ ಮೂರರಲ್ಲಿ ಮೊದಲನೆಯ ಬೈಟ್ ಎಲ್ಲ ಅಕ್ಷರಗಳಿಗೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಪುನರಾವರ್ತನೆಯನ್ನೇ ಹುಡುಕಿ ಅಳಿಸುವ ಜಿಜಿಪ್‌ಗೆ ಇದಕ್ಕಿಂತ ಹದವಾದ ಪಠ್ಯ ಬೇಕಿಲ್ಲ. ಬ್ರಾಟ್ಲಿಯ ಒಳಗಿರುವ ಸಿದ್ಧ ಪದಕೋಶದಲ್ಲಿ ಹಿಂದಿಗೆ ಜಾಗವಿದೆ, ಕನ್ನಡಕ್ಕಿಲ್ಲ ಎಂಬುದು ಬೇರೆ ಮಾತು.

ತೊಡಕಿರುವುದು ಕುಗ್ಗಿಸುವ ಹೊತ್ತಿನಲ್ಲಿ. 11 ಬ್ರಾಟ್ಲಿಯ ಗರಿಷ್ಠ ಮಟ್ಟ. ಓದುಗರು ಕೇಳಿದಾಗಲೆಲ್ಲ ಅದನ್ನು ಹೊಸದಾಗಿ ಮಾಡುತ್ತ ಕುಳಿತರೆ ಉಳಿಸಿದ ಸಮಯವನ್ನು ಸರ್ವರೇ ನುಂಗುತ್ತದೆ. ‘ನಮ್ಮಲ್ಲಿ ಕ್ಯಾಶೆ (ಸಿದ್ಧ ಪುಟಗಳನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಸಂಗ್ರಹ) ಇದೆಯಲ್ಲ’ ಎಂದು ನೀವು ಹೇಳಬಹುದು. ಆದರೆ ಎನ್‌ಜಿನ್‌ಎಕ್ಸ್‌ನ ಪ್ರಾಕ್ಸಿ ಕ್ಯಾಶೆ ತನ್ನ ಹಿಂದೆ ನಿಂತು ಪುಟ ತಯಾರಿಸುವ ಸರ್ವರಿನಿಂದ ಬಂದದ್ದನ್ನು ಬಂದ ಹಾಗೆಯೇ ಇಟ್ಟುಕೊಳ್ಳುತ್ತದೆ. ಕುಗ್ಗಿಸುವ ಕೆಲಸ ಆಮೇಲೆ, ಕಳಿಸುವಾಗ ನಡೆಯುವುದರಿಂದ ಕ್ಯಾಶೆಯಿಂದ ಹೊರಟ ಪುಟವೂ ಪ್ರತಿ ಸಲ ಆ ಶ್ರಮವನ್ನು ಬೇಡುತ್ತದೆ. ಹಾಗಾಗಿ ಬದಲಾಗದ ಲೇಖನಗಳನ್ನೂ ಶೈಲಿ ಕಡತಗಳನ್ನೂ ಪ್ರಕಟಿಸುವಾಗಲೇ ಒಮ್ಮೆ ಗರಿಷ್ಠ ಮಟ್ಟದಲ್ಲಿ ಕುಗ್ಗಿಸಿ ಮೂಲದ ಪಕ್ಕದಲ್ಲಿಡಿ, ಅವನ್ನೇ ಕಳಿಸುವಂತೆ ‘ಜಿಜಿಪ್ ಸ್ಟ್ಯಾಟಿಕ್’, ‘ಬ್ರಾಟ್ಲಿ ಸ್ಟ್ಯಾಟಿಕ್’ ಆಯ್ಕೆಗಳನ್ನು ಚಾಲೂ ಮಾಡಿ. ಆಗಿಂದಾಗ್ಗೆ ಸಿದ್ಧವಾಗುವ ಪುಟಗಳಿಗೆ 4 ಅಥವಾ 5ನೇ ಮಟ್ಟ ಸಾಕು. ಜೆಪೆಗ್ ಚಿತ್ರಗಳನ್ನು ಮುಟ್ಟಬೇಡಿ. ಅವು ಮೊದಲೇ ಕುಗ್ಗಿರುತ್ತವೆ.

ಗೋಜಲು ಚಿಹ್ನೆಗಳಿಗೆ ಬಹುಶಃ ನಡುವಿನ ಯಾವುದೋ ಕ್ಯಾಶೆ ಕಾರಣ. ತನಗೆ ಯಾವ ಬಗೆಯ ಕುಗ್ಗಿಸುವಿಕೆ ತಿಳಿಯುತ್ತದೆ ಎಂಬುದನ್ನು ಬ್ರೌಸರ್ ‘ಆಕ್ಸೆಪ್ಟ್-ಎನ್‌ಕೋಡಿಂಗ್’ ಹೆಡರಿನಲ್ಲಿ, ಅಂದರೆ ಕೋರಿಕೆಯ ಜೊತೆ ಕಳಿಸುವ ಮಾಹಿತಿ ಸಾಲಿನಲ್ಲಿ, ಹೇಳುತ್ತದೆ. ನಿಮ್ಮ ಉತ್ತರದಲ್ಲಿ ‘ವೇರಿ: ಆಕ್ಸೆಪ್ಟ್-ಎನ್‌ಕೋಡಿಂಗ್’ ಎಂಬ, ಆ ಮಾತಿಗೆ ತಕ್ಕಂತೆ ಪ್ರತಿ ಬದಲಾಗುತ್ತದೆಂದು ಕ್ಯಾಶೆಗೆ ತಿಳಿಸುವ ಹೆಡರ್ ಇಲ್ಲದಿದ್ದರೆ, ಹೊಸ ಬ್ರೌಸರಿಗಾಗಿ ಇಟ್ಟುಕೊಂಡ ಬ್ರಾಟ್ಲಿ ಪ್ರತಿಯನ್ನು ಆ ಕ್ಯಾಶೆ ಬ್ರಾಟ್ಲಿ ಅರಿಯದ ಹಳೆಯ ಫೋನಿಗೂ ದಾಟಿಸಿಬಿಡುತ್ತದೆ. ಆ ಹೆಡರನ್ನು ಸೇರಿಸಿ, ಈಗಿರುವ ಕ್ಯಾಶೆಯನ್ನು ಒಮ್ಮೆ ಪೂರ್ತಿ ಖಾಲಿ ಮಾಡಿ.

ಇನ್ನು ಮುಂದೆ ಲೇಖನವೊಂದನ್ನು ತಿದ್ದಿದಾಗ ಅದರ ಕುಗ್ಗಿಸಿದ ಪ್ರತಿಗಳನ್ನೂ ಹೊಸದಾಗಿ ಮಾಡಲೇಬೇಕು. ಮೂಲ ಬದಲಾಗಿದೆಯೇ ಎಂದು ಎನ್‌ಜಿನ್‌ಎಕ್ಸ್ ಹೋಲಿಸಿ ನೋಡುವುದಿಲ್ಲವಾದ್ದರಿಂದ ಹಾಗೆ ಮಾಡದಿದ್ದರೆ ತಿದ್ದುಪಡಿ ಓದುಗರನ್ನು ತಲುಪುವುದೇ ಇಲ್ಲ.