ಹಕ್ಕುಪತ್ರವಿಲ್ಲದ ಮನೆಗೆ ಶೌಚಾಲಯ

ಪ್ರಶ್ನೆ: ಅಜ್ಜನ ಕಾಲದಿಂದಲೂ ನಾವು ಸರ್ಕಾರಿ ಜಾಗದಲ್ಲಿ ವಾಸವಾಗಿದ್ದೇವೆ, ಹಕ್ಕುಪತ್ರವಿಲ್ಲ. ತೆರವುಗೊಳಿಸಿದರೆ ಹಾಕಿದ ಹಣ ಮಣ್ಣುಪಾಲಾಗುತ್ತದೆಂದು ಮಾವನವರು ಶೌಚಾಲಯ ಕಟ್ಟಿಸಲು ಒಪ್ಪುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಮಾವನವರ ಅಂಜಿಕೆ ನಿರಾಧಾರವಲ್ಲ. ನೆಲ ತನ್ನದೆಂಬ ಭರವಸೆಯಿಲ್ಲದವರು ಕಿತ್ತೊಯ್ಯಲಾಗದ ಕಟ್ಟಡಕ್ಕೆ ಹಣ ಹಾಕಲು ಹಿಂಜರಿಯುವುದು ಸಹಜ. ಆದರೆ ಆ ಹಿಂಜರಿಕೆಯ ಭಾರವನ್ನು ಕತ್ತಲಾಗುವವರೆಗೆ ತಡೆದುಕೊಂಡು ಕೂರುವ ಹೆಣ್ಣುಮಕ್ಕಳು ಹೊರಬೇಕಾಗಿರುವುದು ಅನ್ಯಾಯವೆಂದೇ ನನ್ನ ಭಾವನೆ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 94-ಸಿ ಕಲಮು ಗ್ರಾಮೀಣ ಪ್ರದೇಶದ ಸರ್ಕಾರಿ ಜಮೀನಿನಲ್ಲಿ ಕಟ್ಟಿಕೊಂಡ ವಾಸದ ಮನೆಗಳನ್ನು ಷರತ್ತುಗಳಿಗೆ ಒಳಪಟ್ಟು ಸಕ್ರಮಗೊಳಿಸಲು ಅವಕಾಶ ನೀಡುತ್ತದೆ. ಹಳೆಯ ವಿದ್ಯುತ್ ಬಿಲ್ಲು, ಪಡಿತರ ಚೀಟಿಯಂತಹ ವಾಸದ ದಾಖಲೆಗಳೊಂದಿಗೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿರಿ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಗ್ರಾಮೀಣ ಮಾರ್ಗಸೂಚಿಯು 12,000 ರೂಪಾಯಿ ಪ್ರೋತ್ಸಾಹಧನಕ್ಕೆ ಅರ್ಹರಾದವರಲ್ಲಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳೊಂದಿಗೆ, ವಾಸದ ಮನೆಯಿರುವ ಭೂರಹಿತ ಕೂಲಿಕಾರರನ್ನೂ ಹೆಸರಿಸಿದೆ. ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ನಿರಾಕರಣೆಗೆ ಸುಮ್ಮನಾಗಬೇಡಿ.

ಜೋಡಿ ಗುಂಡಿಯ ಶೌಚಾಲಯವೇ ಸಾಕು: ಒಂದು ತುಂಬಿದಾಗ ಇನ್ನೊಂದನ್ನು ಬಳಸುತ್ತ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಅದು ಗೊಬ್ಬರವಾಗುತ್ತದೆ. ನಿಮ್ಮ ಭಾಗದ ಎರೆಮಣ್ಣು ನೀರನ್ನು ನಿಧಾನವಾಗಿ ಇಂಗಿಸಿಕೊಳ್ಳುವುದರಿಂದ ಗುಂಡಿಯ ಇಟ್ಟಿಗೆ ಗೋಡೆಯ ಹೊರಸುತ್ತ ಒಂದು ಅಡಿ ಮರಳು ಇಲ್ಲವೇ ಜಲ್ಲಿ ತುಂಬಿಸಿರಿ. ಬಾಗಿಲು, ತಗಡಿನ ಚಾವಣಿಗಳನ್ನು ಬಿಚ್ಚಿ ಒಯ್ಯುವಂತೆ ಜೋಡಿಸಿದರೆ ಮಾವನವರ ಆತಂಕವೂ ಕೊಂಚ ಕಡಿಮೆಯಾದೀತು.