ಚಿಕ್ಕಮಗಳೂರಿನ ಚಳಿಯಲ್ಲಿ, ಎರಡಡಿ ಟ್ಯಾಂಕಿನಲ್ಲಿ, ಉಪ್ಪುನೀರಲ್ಲಿ ಬದುಕೋ ಬಣ್ಣಬಣ್ಣದ ರ‍್ಯಾಸ್ ಮೀನು ಸಾಕಬಹುದಾ?

ಚಿಕ್ಕಮಗಳೂರಿನಲ್ಲಿ ಸಾಕಬಹುದು. ಆದರೆ ನೀವು ಹೇಳಿದ ಎರಡಡಿ ಟ್ಯಾಂಕಿನಲ್ಲಿ, ಅದೂ ತಳದಲ್ಲಿ ಮರಳೇ ಹಾಕದೆ, ಖಂಡಿತ ಬೇಡ. ನಾನೂ ಇದೇ ಊರಿನವನು. ಮನೆಯಲ್ಲಿ 200 ಲೀಟರಿನ ಟ್ಯಾಂಕ್ ಇದೆ, ಅದರಲ್ಲಿ ಈಗಿರೋದು ನನ್ನ ಎರಡನೇ ಮೆಲನೂರಸ್ ಜಾತಿಯ ರ‍್ಯಾಸ್. ಮೊದಲನೆಯದರ ಕಥೆ ಕೇಳಿ.

ತಂದು ಮೂರು ವಾರ ಆಗಿತ್ತು. ಬೆಳಿಗ್ಗೆ ಅಮ್ಮ ಕಸ ಗುಡಿಸುವಾಗ ಟಿ.ವಿ. ಸ್ಟ್ಯಾಂಡ್ ಹಿಂದೆ ಪೊರಕೆಗೆ ಸಿಕ್ಕಿತು, ಒಣಸೀಗಡಿ ಥರ ಸೆಟೆದುಕೊಂಡು. ಟ್ಯಾಂಕಿಗೆ ಗಾಜಿನ ಮುಚ್ಚಳ ಇತ್ತು ಮಾರಾಯ್ರೆ! ಪೈಪ್ ಇಳಿಸೋಕೆ ಮೂಲೆಯಲ್ಲಿ ಎರಡು ಬೆರಳಷ್ಟು ಸಂದು ಬಿಟ್ಟಿದ್ದೆ, ಅಲ್ಲಿಂದಲೇ ಹಾರಿದೆ. ಗಾಬರಿಯಾದರೆ ಇವು ಒಂದೋ ಮರಳಿಗೆ ನುಗ್ಗುತ್ತವೆ, ಇಲ್ಲಾ ಮೇಲಕ್ಕೆ ನೆಗೆಯುತ್ತವೆ. ಈಗ ಕಿಟಕಿಗೆ ಹೊಡೆಯೋ ಸೊಳ್ಳೆ ಜಾಲರಿಯನ್ನೇ ಚೌಕಟ್ಟಿಗೆ ಬಿಗಿದು ಮುಚ್ಚಿದ್ದೀನಿ. ನೈಲಾನಿನದು ತಗೊಳ್ಳಿ, ತಂತಿಯದು ಉಪ್ಪಿಗೆ ತುಕ್ಕು ಹಿಡಿಯುತ್ತೆ.

ಇನ್ನು ಮರಳು. ಫಿಲ್ಟರಿಗೆ ಸುರಿಯೋ ದುಡ್ಡಲ್ಲಿ ಸ್ವಲ್ಪ ಉಳಿಸಿಯಾದರೂ ಒಳ್ಳೆ ಮರಳು ಹಾಕಿ ಅಂತೀನಿ ನಾನು. ನಯವಾದ ಅರಗೊನೈಟ್ (ಸುಣ್ಣದಂಶದ ಮರಳು), ಎರಡರಿಂದ ಮೂರು ಇಂಚು. ಮನೆ ಕಟ್ಟೋ ಎಂ-ಸ್ಯಾಂಡ್ ಹಾಕಿಬಿಟ್ಟೀರಿ, ಅದರ ಚೂಪಿಗೆ ಮೀನಿನ ಮೈ ಗೀರಿಹೋಗುತ್ತೆ. ಯಾಕೆ ಇಷ್ಟು ಹೇಳ್ತೀನಿ ಅಂದ್ರೆ, ಮೆಲನೂರಸ್ ಮಲಗೋದೇ ಮರಳೊಳಗೆ. ಸಂಜೆ ಲೈಟ್ ಆರೋ ಮುಂಚೆಯೇ ಮೂತಿ ಕೆಳಗೆ ಮಾಡಿ ಮೈಯನ್ನೊಮ್ಮೆ ಕೊಂಕಿಸುತ್ತೆ, ಆಮೇಲೆ ಮೀನೂ ಇಲ್ಲ, ಬಾಲವೂ ಇಲ್ಲ. ಮರಳ ಮೇಲೆ ಒಂದು ಸಣ್ಣ ಕುಳಿ, ಅಷ್ಟೇ. ಎರಡನೆಯದನ್ನು ತಂದು ಬಿಟ್ಟ ದಿನವೇ ಹೀಗೆ ಒಳಗೆ ಹೋಗಿದ್ದು ನಾಲ್ಕು ದಿನ ಪತ್ತೆ ಇಲ್ಲ. "ಇದೂ ಹೋಯ್ತು ಬಿಡೋ" ಅಂದ್ರು ಅಮ್ಮ. ಚಮಚ ಹಿಡ್ಕೊಂಡು ಕೆದಕೋಕೆ ನಿಂತಿದ್ದೆ, ಹೇಗೋ ತಡ್ಕೊಂಡೆ. ಐದನೇ ದಿನ ಎದ್ದುಬಂದು, ಏನೂ ಆಗಿಲ್ಲ ಅನ್ನೋ ಹಾಗೆ ಗಾಜಿನ ಮೇಲಿನ ಚುಕ್ಕಿಚುಕ್ಕಿ ಹುಳ ಹೆಕ್ಕುತ್ತಿತ್ತು. ದೂರದಿಂದ ಬಂದ ಮೀನಿಗೆ ನಮ್ಮ ಹಗಲು ರಾತ್ರಿ ಒಗ್ಗೋಕೆ ಸಮಯ ಬೇಕು. ನೀವೂ ಕೆದಕಬೇಡಿ.

ಟ್ಯಾಂಕ್ ಚಿಕ್ಕದು ಅಂದ್ರೆ ಅಂಗಡಿಯವರು ಸಿಕ್ಸ್‌ಲೈನ್ ರ‍್ಯಾಸ್ ತೋರಿಸ್ತಾರೆ. ನೇರಳೆ ಮೈಗೆ ಆರು ಗೆರೆ, ನೋಡೋಕೆ ಚೆಂದ. ಅದಕ್ಕೆ ಮರಳು ಬೇಡ, ಕಲ್ಲಿನ ಸಂದಿಯಲ್ಲಿ ಮಲಗುತ್ತೆ. ಆದರೆ ಪುಂಡ. ಹೊಸದಾಗಿ ಬಂದ ಮೀನನ್ನು ಅಟ್ಟಾಡಿಸುತ್ತೆ, ಹಾಗಾಗಿ ಹಾಕೋದಾದರೆ ಎಲ್ಲಕ್ಕಿಂತ ಕೊನೆಗೆ ಹಾಕಿ. ಕ್ಲೀನರ್ ರ‍್ಯಾಸ್ ಮಾತ್ರ ಯಾರು ಕೊಟ್ಟರೂ ಬೇಡ. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿ ತಿಂದು ಬದುಕೋ ಜೀವ ಅದು, ಮನೆ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಸೊರಗಿ ಸಾಯುತ್ತೆ. ಕನ್ನಡಿಯಲ್ಲಿ ತನ್ನನ್ನೇ ಗುರುತು ಹಿಡಿಯುತ್ತೆ ಅಂತ 2019ರಲ್ಲಿ ಜಪಾನಿನ ಒಸಾಕದ ಸಂಶೋಧಕರು ಪ್ರಕಟಿಸಿದ್ದು ಇದೇ ಮೀನಿನ ಬಗ್ಗೆ.

ಮಂಗಳೂರಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರಲಾ ಅಂತಲೂ ಕೇಳಿದ್ದೀರಿ. ಚಾರ್ಮಾಡಿ ಘಾಟಿ ಹತ್ತಿಸಿ ತರೋ ಶ್ರಮ ದಂಡ. ಮಳೆಗಾಲದಲ್ಲಿ ನೇತ್ರಾವತಿಯ ಕೆಂಪು ನೀರು ಸೇರಿ ದಡದ ಹತ್ತಿರ ಉಪ್ಪಿನಂಶವೇ ಇಳಿದಿರುತ್ತೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಮರೀನ್ ಸಾಲ್ಟ್ ಕಲಸಿ (ಸಮುದ್ರದ ಮೀನಿನ ಟ್ಯಾಂಕಿಗೆಂದೇ ಸಿಗೋ ಉಪ್ಪು, ಅಡುಗೆ ಉಪ್ಪಲ್ಲ!), ಸಾಂದ್ರತೆ (ಸಿಹಿನೀರಿನದು 1 ಅಂತ ಹಿಡಿದರೆ) 1.025 ಬರಲಿ. ನೀರು ಆರಿ ಕಮ್ಮಿಯಾದಾಗ ಬರೀ ಆರ್‌ಓ ನೀರು ತುಂಬಿ, ಉಪ್ಪು ಆರಿಹೋಗಲ್ಲ. ಮೊದಲ ಒಂದೂವರೆ ತಿಂಗಳು ಮೀನಿಲ್ಲದೆ ಓಡಿಸಿ, ಮೀನಿಗೆ ವಿಷವಾಗೋ ಅಮೋನಿಯ, ನೈಟ್ರೈಟ್ ಸೊನ್ನೆಗೆ ಬಂದ ಮೇಲೆ ಮೀನು. ಅಲಂಕಾರಕ್ಕೆ ಹವಳ ಕೊಡ್ತೀವಿ ಅಂದ್ರೆ ತಗೊಳ್ಳಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ರಕ್ಷಿತ. ತಿನ್ನೋಕೆ ಸಿಗಡಿ ಸಣ್ಣಗೆ ಕೊಚ್ಚಿ ದಿನಕ್ಕೆ ಎರಡು ಮೂರು ಸಲ ಕೊಡಿ.

ಚಳಿಗೆ ಹೆದರಬೇಡಿ. ಬೆಂಗಳೂರಲ್ಲಿ ನನಗೆ ನೀರು ತಂಪು ಮಾಡೋ ಚಿಲ್ಲರ್ ಮಾರೋಕೆ ನೋಡಿದ್ರು, ನಮ್ಮೂರಿಗೆ ಬೇಕಾಗಿದ್ದು ಹೀಟರ್. 25 ಡಿಗ್ರಿಗೆ ಇಟ್ಟರೆ ಸಾಕು. ನಿಜವಾದ ತಲೆನೋವು ಕರೆಂಟು. ಕರೆಂಟ್ ಹೋದಾಗ ಮೊದಲು ಬೇಕಾಗೋದು ಗಾಳಿ, ಬಿಸಿ ಆಮೇಲೆ. ಬ್ಯಾಟರಿಯಲ್ಲಿ ಓಡೋ ಏರ್ ಪಂಪ್ ಮೀನಿಗಿಂತ ಮುಂಚೆ ಮನೆಗೆ ಬರಲಿ. ಹೋದ ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿಯೆಲ್ಲ ಕತ್ತಲೆ. ಪಂಪ್ ಹಚ್ಚಿ, ಅಜ್ಜನ ಕಂಬಳಿಯನ್ನು ಟ್ಯಾಂಕಿನ ಸುತ್ತ ಸುತ್ತಿದ್ದೆ. ಬೆಳಿಗ್ಗೆ ನೀರು 22 ಡಿಗ್ರಿ. ನಮ್ಮ ಮಹಾರಾಯ ಮರಳಿಂದ ಎದ್ದು ಬಂದಿದ್ದು ಮಧ್ಯಾಹ್ನ ಊಟದ ಹೊತ್ತಿಗೆ.